ಹೊಳೆ ದಾಟಿದರೆ ತೆರಿಗೆ ಯಾರದು?

ಪಗಾರ ಮಹಾರಾಷ್ಟ್ರದ್ದು, ಮನೆ ಕರ್ನಾಟಕದ್ದು. ಹಾಗಾದರೆ ತೆರಿಗೆ ಯಾರಿಗೆ? ಏಕಸಂಬಿ, ಸದಲಗಾ, ಬೋರಗಾಂವ ಕಡೆಯ ಹುಡುಗರು ಇಚಲಕರಂಜಿಯ ಮಗ್ಗದ ಕಾರ್ಖಾನೆಗೋ ಕಾಗಲ್‌ನ ಎಂಐಡಿಸಿಗೋ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಈ ಪ್ರಶ್ನೆ ಏಳುತ್ತದೆ. ಪಗಾರ ಚೀಟಿಯಲ್ಲಿ 200 ರೂಪಾಯಿ ಮುರಿದುಕೊಂಡಿರುತ್ತಾರೆ, ಎದುರಿಗೆ ‘ಪಿಟಿ’ ಎಂದು ಬರೆದಿರುತ್ತದೆ. ಅಷ್ಟೇ ಪಗಾರಕ್ಕೆ ನಿಪ್ಪಾಣಿಯಲ್ಲಿ ದುಡಿಯುವ ಗೆಳೆಯನ ಚೀಟಿಯಲ್ಲಿ ಆ ಸಾಲೇ ಇರುವುದಿಲ್ಲ. ‘ನಾವು ಕರ್ನಾಟಕದವರು, ಅವರಿಗ್ಯಾಕ ಕೊಡಬೇಕರಿ?’ ಎಂದು ಹೊಳೆಯಾಚೆ ದುಡಿಯುವವನು ಕೇಳಿದರೆ ತಪ್ಪೇನೂ ಇಲ್ಲ.

ನಮ್ಮ ಸೀಮೆಯಲ್ಲಿ ಗಡಿ ಎಂಬುದು ದಿನಕ್ಕೆ ಎರಡು ಸಲ ದಾಟುವ ಸಂಗತಿ. ಏಕಸಂಬಿಯಿಂದ ದೂಧಗಂಗೆಯ ಸೇತುವೆ ದಾಟಿದರೆ ದಾನವಾಡ, ಅದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. ಮಲಿಕವಾಡದ ಆಚೆ ದತ್ತವಾಡ. ಕಾಗವಾಡದವರಿಗೆ ಮಿರಜ ದವಾಖಾನೆಯ ಊರು, ನಿಪ್ಪಾಣಿಯವರಿಗೆ ಕೊಲ್ಹಾಪುರ ಬಜಾರಿನ ಊರು. ಮಳೆಗಾಲದಲ್ಲಿ ಸೇತುವೆಗಳು ಮುಳುಗಿದಾಗ ಮಾತ್ರ ಎರಡು ರಾಜ್ಯಗಳಿವೆ ಎಂಬುದು ನೆನಪಾಗುತ್ತದೆ. ತೆರಿಗೆಗೆ ಮಾತ್ರ ಅದು ವರ್ಷವಿಡೀ ನೆನಪಿರುತ್ತದೆ. ತಮಾಷೆಯೆಂದರೆ, ಒಂದೊಂದು ತೆರಿಗೆ ಆ ಗಡಿಯನ್ನು ಒಂದೊಂದು ಕಡೆ ಎಳೆಯುತ್ತದೆ. ನೀವು ಎಲ್ಲಿ ಮಲಗುತ್ತೀರಿ ಎಂದು ಅದು ಕೇಳುವುದು ಕಡಿಮೆ. ಎಲ್ಲಿ ದುಡಿದಿರಿ, ಮಾಲು ಎಲ್ಲಿಗೆ ಹೋಯಿತು, ಗಾಡಿ ಎಲ್ಲಿ ನಿಲ್ಲುತ್ತದೆ ಎಂದೇ ಕೇಳುವುದು ಹೆಚ್ಚು.

ಮೊದಲು ಆದಾಯ ತೆರಿಗೆ. ಇದರಲ್ಲಿ ಗಡಿಯ ಪ್ರಶ್ನೆಯೇ ಇಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೃಷಿಯೇತರ ಆದಾಯದ ಮೇಲಿನ ತೆರಿಗೆ ಕೇಂದ್ರದ ಪಟ್ಟಿಯಲ್ಲಿದೆ, ಕೃಷಿ ಆದಾಯದ ಮೇಲಿನದು ರಾಜ್ಯದ ಪಟ್ಟಿಯಲ್ಲಿದೆ. ಹೀಗಾಗಿ ಕಾಗಲ್‌ನಲ್ಲಿ ದುಡಿದರೂ ಚಿಕ್ಕೋಡಿಯಲ್ಲಿ ದುಡಿದರೂ ದರ ಒಂದೇ, ರಿಟರ್ನ್ ಒಂದೇ. ಆ ಕಾಯ್ದೆಯಲ್ಲೂ ‘ನಿವಾಸಿ’, ‘ಅನಿವಾಸಿ’ ಎಂಬ ಮಾತುಗಳಿವೆ, ಆದರೆ ಅವು ದೇಶಕ್ಕೆ ಸಂಬಂಧಿಸಿದವು. ವರ್ಷದಲ್ಲಿ 182 ದಿನ ಭಾರತದಲ್ಲಿದ್ದೀರಾ ಎಂಬುದು ಅಲ್ಲಿನ ಮುಖ್ಯ ಲೆಕ್ಕ. ಯಾವ ರಾಜ್ಯದಲ್ಲಿದ್ದೀರಿ ಎಂಬುದು ಅದಕ್ಕೆ ಬೇಕಿಲ್ಲ. ಪ್ಯಾನ್ ಕಾರ್ಡಿನಲ್ಲಿ ಕೊಲ್ಹಾಪುರದ ವಿಳಾಸವಿದ್ದರೆ ನಮ್ಮ ತೆರಿಗೆ ಮಹಾರಾಷ್ಟ್ರಕ್ಕೆ ಹೋಗುತ್ತದೆ ಎಂದು ನಂಬಿದವರಿದ್ದಾರೆ, ಹಾಗೇನೂ ಇಲ್ಲ. ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳ ಪಾಲನ್ನು ನಿಗದಿ ಮಾಡುವುದು ಹಣಕಾಸು ಆಯೋಗ. 2021ರಿಂದ 2026ರ ಅವಧಿಗೆ 15ನೇ ಆಯೋಗ ಹಂಚಿಕೆಯ ಮೊತ್ತದಲ್ಲಿ ಕರ್ನಾಟಕಕ್ಕೆ ಶೇ 3.647, ಮಹಾರಾಷ್ಟ್ರಕ್ಕೆ ಶೇ 6.317 ಎಂದು ಗೊತ್ತುಮಾಡಿತ್ತು. ನಿಮ್ಮ ವಿಳಾಸ ಬದಲಿಸಿದರೆ ಆ ಅಂಕಿ ಕದಲುವುದಿಲ್ಲ.

ಅಮೆರಿಕದಲ್ಲಿರುವ ನಮ್ಮವರ ಪಾಡು ಬೇರೆ. ಅಲ್ಲಿ ಕೇಂದ್ರದ ಆದಾಯ ತೆರಿಗೆಯ ಜೊತೆಗೆ ಬಹುತೇಕ ರಾಜ್ಯಗಳದ್ದೂ ಒಂದಿರುತ್ತದೆ. ನ್ಯೂಜೆರ್ಸಿಯಲ್ಲಿ ಮನೆ ಮಾಡಿ ನ್ಯೂಯಾರ್ಕಿಗೆ ದಿನಾ ಹೋಗಿಬರುವ ಕನ್ನಡಿಗ ನ್ಯೂಯಾರ್ಕಿಗೆ ಅನಿವಾಸಿಯಾಗಿ ಒಂದು ರಿಟರ್ನ್ ಸಲ್ಲಿಸಿ ತೆರಿಗೆ ಕಟ್ಟಬೇಕು, ಬಳಿಕ ನ್ಯೂಜೆರ್ಸಿಯಲ್ಲಿ ನಿವಾಸಿಯಾಗಿ ಇನ್ನೊಂದು ಸಲ್ಲಿಸಿ, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ವಜಾ ಪಡೆಯಬೇಕು. ಟೆಕ್ಸಾಸಿನಲ್ಲಿದ್ದರೆ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಏಕಸಂಬಿಯಿಂದ ಇಚಲಕರಂಜಿಗೆ ಹೋಗುವವನಿಗೆ ಈ ಕಾಟ ತಪ್ಪಿದೆ, ಆದರೆ ಪೂರ್ತಿ ಅಲ್ಲ. ಅವನ ಚೀಟಿಯ ಆ 200 ರೂಪಾಯಿ ಇದೆಯಲ್ಲ, ಅದು ಇದೇ ಜಾತಿಯದು.

ಪಿಟಿ ಎಂದರೆ ವೃತ್ತಿ ತೆರಿಗೆ (ಪ್ರೊಫೆಷನಲ್ ಟ್ಯಾಕ್ಸ್). ಅದು ರಾಜ್ಯದ ತೆರಿಗೆ, ಲೆಕ್ಕ ಪಗಾರದ ಮೇಲೆ. ಹಾಗಾದರೆ ಇದು ಆದಾಯ ತೆರಿಗೆಯೇ ಅಲ್ಲವೇ ಎಂಬ ತಕರಾರು ಬರುತ್ತದೆಂದು ಸಂವಿಧಾನ ಬರೆದವರಿಗೆ ಗೊತ್ತಿತ್ತು. ಅದಕ್ಕೇ 276ನೇ ವಿಧಿಯಲ್ಲಿ, ಆದಾಯಕ್ಕೆ ಸಂಬಂಧಿಸಿದ ತೆರಿಗೆ ಎಂಬ ಕಾರಣಕ್ಕೆ ಇದು ಅಸಿಂಧುವಾಗದು ಎಂದು ಬರೆದು, ಜೊತೆಗೇ ಒಂದು ಮಿತಿಯನ್ನೂ ಹಾಕಿದರು. ಮೊದಲು ವರ್ಷಕ್ಕೆ 250 ರೂಪಾಯಿ. 1988ರ 60ನೇ ತಿದ್ದುಪಡಿಯಿಂದ 2,500. ಅಂದಿನಿಂದ ಇಂದಿನವರೆಗೆ ಅದು ಅಲ್ಲೇ ನಿಂತಿದೆ. 18,000ಕ್ಕೆ ಏರಿಸಿ ಎಂದು 15ನೇ ಹಣಕಾಸು ಆಯೋಗ ಹೇಳಿತ್ತು.

ಈ ಮಿತಿಯೊಳಗೆ ಯಾರಿಂದ ವಸೂಲು ಮಾಡಬೇಕು ಎಂಬುದು ಆಯಾ ರಾಜ್ಯದ ಮರ್ಜಿ. ಕರ್ನಾಟಕ 2023ರ ಏಪ್ರಿಲ್‌ನಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಪಗಾರದವರನ್ನು ಬಿಟ್ಟಿದೆ. ಅದಕ್ಕೂ ಮೊದಲು ಈ ಗೆರೆ 15,000ಕ್ಕೆ ಇತ್ತು. ಮಹಾರಾಷ್ಟ್ರದಲ್ಲಿ ಗಂಡಸಿನ ಪಗಾರ 7,500 ದಾಟಿದ ಕೂಡಲೇ ತಿಂಗಳಿಗೆ 175, 10,000 ದಾಟಿದರೆ 200, ಫೆಬ್ರುವರಿಯಲ್ಲಿ 300. ಹೆಂಗಸರಿಗೆ ಅಲ್ಲಿಯೂ 2023ರ ಏಪ್ರಿಲ್‌ನಿಂದ 25,000ದವರೆಗೆ ಮಾಫಿ. ಈಗ ನಮ್ಮ ಊರಿನ ಅಣ್ಣ-ತಂಗಿ ಇಬ್ಬರೂ ಇಚಲಕರಂಜಿಯ ಒಂದೇ ಕಾರ್ಖಾನೆಯಲ್ಲಿ 18,000 ರೂಪಾಯಿಗೆ ದುಡಿಯುತ್ತಾರೆಂದುಕೊಳ್ಳಿ. ಅಣ್ಣನಿಗೆ ವರ್ಷಕ್ಕೆ 2,500 ರೂಪಾಯಿ ಕಡಿತ, ತಂಗಿಗೆ ಸೊನ್ನೆ. ಅಣ್ಣ ನಿಪ್ಪಾಣಿಗೆ ಬಂದರೆ ಅವನಿಗೂ ಸೊನ್ನೆ. ಇಬ್ಬರ ಮನೆಯೂ ಏಕಸಂಬಿಯಲ್ಲೇ ಇದೆ, ರೇಷನ್ ಕಾರ್ಡು ಒಂದೇ. ಕೆಲಸ ಮಾಡುವ ಜಾಗವೇ ಲೆಕ್ಕಕ್ಕೆ, ಮನೆ ಅಲ್ಲ. ಹಾಗೆಯೇ ಮಹಾರಾಷ್ಟ್ರದಲ್ಲಿ ಕಡಿತವಾದ ಆ ಕೆಲಸಕ್ಕೆ ಕರ್ನಾಟಕ ಇನ್ನೊಮ್ಮೆ ಕೇಳುವಂತಿಲ್ಲ.

ಹತ್ತು ಸಾವಿರ ದುಡಿಯುವವನಿಂದಲೂ ಲಕ್ಷ ದುಡಿಯುವವನಿಂದಲೂ ಹೆಚ್ಚುಕಡಿಮೆ ಅಷ್ಟೇ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಈ ವಿಷಯದಲ್ಲಿ ಕರ್ನಾಟಕದ ಗೆರೆಯೇ ವಾಸಿ. ಆದಾಯ ತೆರಿಗೆಯಲ್ಲಿ ಈ ವೃತ್ತಿ ತೆರಿಗೆಯನ್ನು ಕಳೆದುಕೊಳ್ಳಬಹುದಲ್ಲ ಎನ್ನುವವರಿಗೊಂದು ಮಾತು: ಹಳೆಯ ಪದ್ಧತಿ ಆರಿಸಿಕೊಂಡರೆ ಮಾತ್ರ. ಹೊಸ ಪದ್ಧತಿಯಲ್ಲಿ ಆ ಕಡಿತಕ್ಕೆ ಅವಕಾಶವಿಲ್ಲ.

ಇನ್ನು ಖರೀದಿ. ನಿಜವಾದ ಗೊಂದಲವೂ ನಿಜವಾದ ಹಣವೂ ಇರುವುದು ಇಲ್ಲಿ.

1956ರ ನವೆಂಬರ್ 1ರವರೆಗೆ ಈ ಭಾಗವೂ ಕೊಲ್ಹಾಪುರವೂ ಮುಂಬಯಿ ರಾಜ್ಯದಲ್ಲೇ ಇದ್ದವು, ಮಾರಾಟ ತೆರಿಗೆ ಒಂದೇ ಇತ್ತು. ಗಡಿ ಬಿದ್ದ ಮೇಲೆ ಕರ್ನಾಟಕದ್ದು 1957ರ ಕಾಯ್ದೆ, ಅತ್ತ 1959ರ ಮುಂಬಯಿ ಕಾಯ್ದೆ. ಅಲ್ಲಿಂದ ದರ ಬೇರೆಯಾಯಿತು. ಯಾವ ಮಾಲು ಯಾವ ಕಡೆ ಸೋವಿ ಎಂಬುದು ಗಡಿಯ ವ್ಯಾಪಾರಿಗಳಿಗೆ ಬಾಯಿಪಾಠವಿತ್ತು. ಮೇಲೆ ಊರೂರಿನ ಜಕಾತಿ ನಾಕಾ. ಕರ್ನಾಟಕ 1979ರಲ್ಲಿ ಜಕಾತಿ ತೆಗೆದು ಅದರ ಬದಲು ಪ್ರವೇಶ ತೆರಿಗೆ ತಂದಿತು. ಹೊರಗಿನಿಂದ ತಂದ ಮಾಲಿಗೆ ಒಳಗೆ ಬರುವಾಗ ಕಟ್ಟುವ ತೆರಿಗೆ ಅದು. 2005ರಲ್ಲಿ ಎರಡೂ ಕಡೆ ವ್ಯಾಟ್ ಬಂತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದು ಇವುಗಳಲ್ಲಿ ಬಹಳಷ್ಟನ್ನು ನುಂಗಿತು, ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳು ಎದ್ದುಹೋದವು. ಈಗ ಸೀರೆ, ಫ್ರಿಜ್, ಸಿಮೆಂಟು ಯಾವುದಕ್ಕೇ ಆಗಲಿ ಎರಡೂ ಕಡೆ ದರ ಒಂದೇ. ‘ಅಲ್ಲಿ ಟ್ಯಾಕ್ಸ್ ಕಡಿಮೆ’ ಎಂದು ಹೇಳಿ ಕೊಲ್ಹಾಪುರಕ್ಕೆ ಕರೆದೊಯ್ಯುವವರು ಇನ್ನೂ ಇದ್ದಾರೆ. ಅಲ್ಲಿ ಬೆಲೆ ಕಡಿಮೆ ಇರಬಹುದು, ತೆರಿಗೆ ಕಡಿಮೆ ಇಲ್ಲ. ಬಿಲ್ಲಿಲ್ಲದೆ ಕೊಟ್ಟರೆ ಮಾತು ಬೇರೆ.

ದರ ಒಂದೇ ಆದರೂ ದುಡ್ಡು ಯಾವ ಖಜಾನೆಗೆ ಎಂಬ ಪ್ರಶ್ನೆ ಉಳಿಯುತ್ತದೆ. ಇಚಲಕರಂಜಿಯ ಅಂಗಡಿಯಲ್ಲಿ 20,000 ರೂಪಾಯಿಯ ಒಂದು ಫ್ರಿಜ್ ಕೊಂಡಿರಿ. ಜಿಎಸ್‌ಟಿ ಶೇ 18, ಅಂದರೆ 3,600. ‘ಬಿಲ್ ಪಾಹಿಜೆ ಕಾ?’ ಎಂದು ಸಾವಕಾರ ಕೇಳುತ್ತಾನೆ. ನೀವು ಬೇಕೆಂದರೆ ಮುದ್ರಿಸಿ ಕೊಡುತ್ತಾನೆ. ಬಿಲ್ಲಿನ ತಲೆಯ ಮೇಲೆ ಅಂಗಡಿಯ ಜಿಎಸ್‌ಟಿ ನಂಬರು, ಅದರ ಮೊದಲೆರಡು ಅಂಕಿ 27, ಅಂದರೆ ಮಹಾರಾಷ್ಟ್ರ. ನಮ್ಮದಾದರೆ 29. ಕೆಳಗೆ ಸಿಜಿಎಸ್‌ಟಿ 1,800, ಎಸ್‌ಜಿಎಸ್‌ಟಿ 1,800 ಎಂದು ಎರಡು ಸಾಲು. ಮೊದಲನೆಯದು ದಿಲ್ಲಿಗೆ, ಎರಡನೆಯದು ಮುಂಬಯಿಗೆ. ಫ್ರಿಜ್ ಏಕಸಂಬಿಯ ಅಡುಗೆಮನೆಗೆ ಬಂತು, ಕರ್ನಾಟಕಕ್ಕೆ ಬಿಡಿಗಾಸು ಬರಲಿಲ್ಲ.

ಜಿಎಸ್‌ಟಿಯ ಮೂಲ ಸೂತ್ರ ಇದಕ್ಕೆ ಉಲ್ಟಾ: ಮಾಲು ಬಳಕೆಯಾಗುವ ರಾಜ್ಯಕ್ಕೆ ತೆರಿಗೆ. ಕೌಂಟರಿನಲ್ಲಿ ರೋಕ ಕೊಟ್ಟು ಒಯ್ಯುವ ಗಿರಾಕಿ ಎಲ್ಲಿಯವನು ಎಂದು ಅಂಗಡಿಯವನಿಗೆ ತಿಳಿಯದ ಕಾರಣ ಅಂಗಡಿ ಇರುವ ಜಾಗವೇ ಲೆಕ್ಕಕ್ಕೆ ಬರುತ್ತಿತ್ತು. 2023ರ ಅಕ್ಟೋಬರ್ 1ರಿಂದ ಐಜಿಎಸ್‌ಟಿ ಕಾಯ್ದೆಗೆ ಒಂದು ಸಣ್ಣ ಕಲಮು ಸೇರಿದೆ. ನೋಂದಣಿ ಇಲ್ಲದ ಗಿರಾಕಿಯ ವಿಳಾಸ ಬಿಲ್ಲಿನಲ್ಲಿ ಬರೆದಿದ್ದರೆ ಆ ವಿಳಾಸವೇ ಮಾಲು ತಲುಪಿದ ಜಾಗ. ಪೂರ್ತಿ ವಿಳಾಸವೂ ಬೇಡ, ರಾಜ್ಯದ ಹೆಸರು ಬರೆದರೂ ಸಾಕು. ಏನೂ ಬರೆಯದಿದ್ದರೆ ಮಾತ್ರ ಅಂಗಡಿಯ ಜಾಗ. ಬಿಲ್ಲಿನಲ್ಲಿ ‘ಏಕಸಂಬಿ, ಕರ್ನಾಟಕ’ ಎಂದಿದ್ದರೆ ಎರಡು ಸಾಲಿನ ಬದಲು ಐಜಿಎಸ್‌ಟಿ 3,600 ಎಂಬ ಒಂದೇ ಸಾಲು ಬರಬೇಕು. ಅದು ಮೊದಲು ಕೇಂದ್ರಕ್ಕೆ ಹೋಗಿ, ಅದರಲ್ಲಿ ರಾಜ್ಯದ ಅರ್ಧ ಕರ್ನಾಟಕಕ್ಕೆ ಬರುತ್ತದೆ. ಗಿರಾಕಿ ಕೊಡುವುದು ಎರಡೂ ಸಲ ಅದೇ 23,600.

50,000 ಮತ್ತು ಅದಕ್ಕೆ ಮೇಲ್ಪಟ್ಟ ಮಾಲಾದರೆ ಹೆಸರು-ವಿಳಾಸ ಬರೆಯುವುದು ಅಂಗಡಿಯವನ ಕರ್ತವ್ಯ. ಅದಕ್ಕಿಂತ ಕಡಿಮೆಯಾದರೆ ಗಿರಾಕಿ ಕೇಳಿದರೆ ಬರೆಯಬೇಕು. ನಮ್ಮವರು ಕೇಳುವುದಿಲ್ಲ. ‘ಅಡ್ರೆಸ್ ಏನ್ ಬ್ಯಾಡ್ರಿ, ಲಗೂ ಕೊಡ್ರಿ’ ಎನ್ನುವುದೇ ರೂಢಿ. ಬಸ್ಸಿನ ವೇಳೆ ಆಗಿರುತ್ತದೆ. ಮದುವೆ ಬಸ್ತಾಕ್ಕೆಂದು ಇಡೀ ಮನೆ ಹೊಳೆ ದಾಟುವ ಸೀಮೆ ಇದು. ಸೀರೆಗೆ ಶೇ 5, ಹುಪರಿಯ ಬೆಳ್ಳಿ ಕಾಲುಚೈನಿಗೆ ಶೇ 3, 2,500 ರೂಪಾಯಿ ದಾಟಿದ ಸಿದ್ಧ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18. ಇದರ ರಾಜ್ಯದ ಪಾಲು ಎಲ್ಲಿಗೆ ಹೋಗಬೇಕು ಎಂಬುದು ಬಿಲ್ಲಿನ ಒಂದು ಸಾಲಿನ ಮೇಲೆ ನಿಂತಿದೆ. ಗಡಿ ಅಭಿಮಾನದ ಮೆರವಣಿಗೆಯಲ್ಲಿ ನಡೆಯುವವರು ಈ ಸಾಲು ಬರೆಸಿದ್ದನ್ನು ನಾನಂತೂ ಕಂಡಿಲ್ಲ.

ಮದುವೆ ಮಂಗಲ ಕಾರ್ಯಾಲಯಕ್ಕೆ ಮಾತ್ರ ಈ ಕಲಮು ಹತ್ತುವುದಿಲ್ಲ. ಕಟ್ಟಡ ಎಲ್ಲಿದೆಯೋ ತೆರಿಗೆ ಅಲ್ಲಿಯದೇ. ಲಾಡ್ಜಿನ ಕೋಣೆಯೂ ಹಾಗೆ.

ಅಂಗಡಿ ನಡೆಸುವವರಿಗೆ ಇದೇ ವಿಷಯ ಇನ್ನೂ ಬಿಗಿ. ಏಕಸಂಬಿಯ ಕಿರಾಣಿಯವರು ಇಚಲಕರಂಜಿಯ ಹೋಲ್‌ಸೇಲ್ ಅಂಗಡಿಯಿಂದ ಮಾಲು ತರುವಾಗ ತಮ್ಮ 29ರ ನಂಬರು ಕೊಟ್ಟು ಐಜಿಎಸ್‌ಟಿ ಬಿಲ್ಲನ್ನೇ ಪಡೆಯಬೇಕು. ಅವಸರದಲ್ಲಿ ಮಹಾರಾಷ್ಟ್ರದ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಬಿಲ್ಲು ತಂದರೆ ಆ ತೆರಿಗೆಯನ್ನು ಇಲ್ಲಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ತೆರಿಗೆ ಕಟ್ಟಿದ್ದು ನಿಜ, ವಜಾ ಸಿಗದ್ದೂ ನಿಜ. ಮಾಲಿನ ಬೆಲೆ 50,000 ದಾಟಿದರೆ ಇ-ವೇ ಬಿಲ್ಲೂ ಬೇಕು. ಅಂತರರಾಜ್ಯ ಸಾಗಣೆಗೆ 2018ರ ಏಪ್ರಿಲ್ 1ರಿಂದ ಅದು ಕಡ್ಡಾಯ; ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದೇ ಶುರು ಮಾಡಿದ ಮೊದಲ ರಾಜ್ಯ ಕರ್ನಾಟಕ. ಸೇತುವೆಯ ಮೇಲೆ ಠಾಣೆ ಇಲ್ಲದಿದ್ದರೂ ದಾರಿಯಲ್ಲಿ ಗಾಡಿ ನಿಲ್ಲಿಸಿ ಕಾಗದ ಕೇಳುವ ಅಧಿಕಾರಿಗಳಿದ್ದಾರೆ.

ಸಣ್ಣ ವ್ಯಾಪಾರಿಗೆ ಗಡಿ ಒಂದು ಬಲೆಯೂ ಹೌದು. ಮಾಲು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟದಿದ್ದರೆ ನೋಂದಣಿ ಬೇಡ. ಆದರೆ ತೆರಿಗೆ ಬೀಳುವ ಮಾಲನ್ನು ದಾನವಾಡದ ಗಿರಾಕಿಗೆ ಕಳಿಸಿದ ದಿನವೇ ಆ ರಿಯಾಯಿತಿ ಹೋಯಿತು. ಅಂತರರಾಜ್ಯ ಮಾರಾಟಕ್ಕೆ ಸಾಮಾನ್ಯವಾಗಿ ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ಶೇ 1ರ ಕಾಂಪೊಸಿಷನ್ ಯೋಜನೆಯಲ್ಲಿರುವ ವ್ಯಾಪಾರಿಯಂತೂ ಬೇರೆ ರಾಜ್ಯಕ್ಕೆ ಮಾಲು ಮಾರುವಂತೆಯೇ ಇಲ್ಲ. ಚಿಕ್ಕೋಡಿಯ ಗಿರಾಕಿಗೆ ಕಳಿಸಿದರೆ ಪರವಾಗಿಲ್ಲ, ಹೊಳೆಯಾಚೆ ಕಣ್ಣಿಗೆ ಕಾಣುವ ಊರಿಗೆ ಕಳಿಸಿದರೆ ತಪ್ಪು. ಸೇವೆಗೆ ಈ ಬಿಗಿ ಇಲ್ಲ. ಇಚಲಕರಂಜಿಯ ಮದುವೆಗಳಿಗೆ ಹೋಗುವ ನಮ್ಮ ಫೋಟೊಗ್ರಾಫರ್‌ಗೆ 20 ಲಕ್ಷ ದಾಟುವವರೆಗೆ ನೋಂದಣಿಯ ಗೊಡವೆ ಬೇಡ. ಫೋಟೊ ತೆಗೆಯುವವನಿಗೆ ಸಿಕ್ಕ ಸವಲತ್ತು ಭಾಂಡೆ ಅಂಗಡಿಯವನಿಗೆ ಏಕಿಲ್ಲ ಎಂಬುದಕ್ಕೆ ನನಗೆ ಒಪ್ಪಿಗೆಯಾಗುವ ಕಾರಣ ಇನ್ನೂ ಸಿಕ್ಕಿಲ್ಲ. ಗಡಿ ತಾಲ್ಲೂಕುಗಳಿಗಾದರೂ ಇಂತಿಷ್ಟು ಎಂದು ಸಡಿಲಿಸಬಹುದಿತ್ತು.

ರೈತರಿಗೆ ಹೆಚ್ಚು ತಲೆನೋವಿಲ್ಲ. ತಾನು ಬೆಳೆದದ್ದನ್ನು ಮಾರುವ ರೈತ ಜಿಎಸ್‌ಟಿ ನೋಂದಣಿಯ ಹೊರಗಿದ್ದಾನೆ. ಕಬ್ಬಿಗೆ ಜಿಎಸ್‌ಟಿ ಇಲ್ಲ, ಅದು ಚಿಕ್ಕೋಡಿಯ ದೂಧಗಂಗಾ ಕೃಷ್ಣಾ ಕಾರ್ಖಾನೆಗೆ ಹೋಗಲಿ, ಹೊಳೆಯಾಚೆಯ ಕಾರ್ಖಾನೆಗೆ ಹೋಗಲಿ. ನಿಪ್ಪಾಣಿಯ ತಂಬಾಕಿನ ಎಲೆಗೆ ತೆರಿಗೆ ಇದೆ, ಆದರೆ ರೈತ ಮಾರಿದಾಗ ಅದನ್ನು ಕಟ್ಟುವ ಹೊಣೆ ಕೊಳ್ಳುವ ನೋಂದಾಯಿತ ವ್ಯಾಪಾರಿಯದು. ಆಚೆ ಕಡೆ ಹೊಲವಿದ್ದವರು, ಅಂದರೆ ಇತ್ತ ಒಂದು ಉತಾರ, ಅತ್ತ ಒಂದು ಸಾತ್‌ಬಾರಾ ಇರುವವರು, ಭೂಕಂದಾಯವನ್ನು ಆಯಾ ರಾಜ್ಯಕ್ಕೆ ಕಟ್ಟಿದರೆ ಸಾಕು. ಬೆಳೆಯ ಆದಾಯಕ್ಕೆ ಕೇಂದ್ರದ ತೆರಿಗೆ ಎರಡೂ ಕಡೆ ಇಲ್ಲ. ಕರ್ನಾಟಕದ 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ಕಾಫಿ, ಟೀ, ರಬ್ಬರಿನಂಥ ತೋಟದ ಬೆಳೆಗಳದ್ದು, ಕಬ್ಬಿಗಲ್ಲ. ಹೈನಿನ ಆದಾಯ ಮಾತ್ರ ಕೃಷಿ ಆದಾಯವಲ್ಲ. ಎಮ್ಮೆ ಕಟ್ಟಿದವರಿಗೆ ಇದು ಎಷ್ಟು ಹೇಳಿದರೂ ಸಿಟ್ಟು ಬರುವ ಮಾತು.

ಜಿಎಸ್‌ಟಿ ನುಂಗದೆ ಬಿಟ್ಟದ್ದು ಪೆಟ್ರೋಲು, ಡೀಸೆಲ್ಲು, ಸಾರಾಯಿ. ಹಳೆಯ ಮಾರಾಟ ತೆರಿಗೆ ಇವುಗಳಲ್ಲಿ ಇನ್ನೂ ಜೀವಂತವಿದೆ, ರಾಜ್ಯಗಳ ನಡುವಿನ ಪೈಪೋಟಿಯೂ. 2021ರ ನವೆಂಬರ್‌ನಲ್ಲಿ ಕೇಂದ್ರ ಅಬಕಾರಿ ಸುಂಕ ಇಳಿಸಿದ ಬೆನ್ನಿಗೆ ಕರ್ನಾಟಕ ಲೀಟರಿಗೆ 7 ರೂಪಾಯಿ ಇಳಿಸಿತು, ಮಹಾರಾಷ್ಟ್ರ ಆಗ ಇಳಿಸಲಿಲ್ಲ. ಟಾಕಿ ತುಂಬಿಸಲು ಕೊಲ್ಹಾಪುರ ಕಡೆಯ ಗಾಡಿಗಳು ನಿಪ್ಪಾಣಿ ದಾರಿ ಹಿಡಿದವು. 2022ರ ಜುಲೈನಲ್ಲಿ ಮಹಾರಾಷ್ಟ್ರ ಪೆಟ್ರೋಲಿಗೆ 5, ಡೀಸೆಲ್ಲಿಗೆ 3 ರೂಪಾಯಿ ತಗ್ಗಿಸಿತು. ಇತ್ತ ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲಿನ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ, ಡೀಸೆಲ್ಲಿನದನ್ನು ಶೇ 14.34ರಿಂದ 18.44ಕ್ಕೆ ಏರಿಸಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್ಲಿಗೆ ಇನ್ನೊಂದು ಏರಿಕೆ, ಶೇ 21.17. ಮಹಾರಾಷ್ಟ್ರದ ದರ ಶೇ 21. ಹೀಗೆ ಡೀಸೆಲ್ಲಿನ ಗಡಿಯೇ ಅಳಿಸಿಹೋಯಿತು. ಇಲ್ಲಿ ನಿವಾಸಿ, ಅನಿವಾಸಿ ಎಂಬ ಭೇದ ಬೇಕಿಲ್ಲ. ಪಂಪು ಯಾವ ರಾಜ್ಯದಲ್ಲಿದೆಯೋ ತೆರಿಗೆ ಆ ರಾಜ್ಯಕ್ಕೆ. ಸಾರಾಯಿಯನ್ನು ಮಾತ್ರ ಡೀಸೆಲ್ಲಿನಂತೆ ತುಂಬಿಕೊಂಡು ಬರುವಂತಿಲ್ಲ, ಅದು ತೆರಿಗೆಯ ಮಾತು ಮೀರಿ ಅಬಕಾರಿ ಪೊಲೀಸರ ಮಾತಾಗುತ್ತದೆ.

ಕೊನೆಯದು ಗಾಡಿ. ನಮ್ಮ ಕಡೆ ಎಂಎಚ್ 09 ಪಾಸಿಂಗ್ ಗಾಡಿಗಳು ಕೆಎ 23ರಷ್ಟೇ ಸಲೀಸಾಗಿ ಓಡಾಡುತ್ತವೆ. ಕಾರಣ ಸರಳ: 12 ಲಕ್ಷದ ಪೆಟ್ರೋಲ್ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ 17, ಮೇಲೆ ಸೆಸ್ಸು; ಮಹಾರಾಷ್ಟ್ರದಲ್ಲಿ ಶೇ 12. ಸೆಸ್ ಬಿಟ್ಟೇ 60,000 ರೂಪಾಯಿ ಅಂತರ. ಕೊಲ್ಹಾಪುರದ ಸೋದರಮಾವನ ವಿಳಾಸಕ್ಕೆ ಪಾಸಿಂಗ್ ಮಾಡಿಸಿ ಏಕಸಂಬಿಯಲ್ಲಿ ನಿಲ್ಲಿಸುವ ಉಪಾಯ ಹುಟ್ಟಿದ್ದು ಇಲ್ಲಿಂದ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರು ಹಾಕಿಸಬೇಕು. 2014ರಲ್ಲಿ ಕರ್ನಾಟಕ 30 ದಿನ ಮೀರಿದರೇ ಜೀವಾವಧಿ ತೆರಿಗೆ ಎಂದು ತಿದ್ದುಪಡಿ ತಂದಿತ್ತು; 2016ರಲ್ಲಿ ಹೈಕೋರ್ಟು ಅದನ್ನು ಹೊಡೆದುಹಾಕಿತು. ಕೆಎ 23 ಬೈಕಿನಲ್ಲಿ ದಿನಾ ಇಚಲಕರಂಜಿಗೆ ಹೋಗಿ ಸಂಜೆ ಮನೆಗೆ ಬರುವವನಿಗೆ ಆ 12 ತಿಂಗಳ ನಿಯಮ ಅನ್ವಯಿಸುವುದಿಲ್ಲ. ಅವನ ಗಾಡಿ ರಾತ್ರಿ ನಿಲ್ಲುವುದು ಇಲ್ಲೇ.

ನಿಜಕ್ಕೂ ಮನೆ ಬದಲಿಸಿ ಕೊಲ್ಹಾಪುರದಿಂದ ಈಚೆ ಬಂದವರು ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ಗಾಡಿಯ ವಯಸ್ಸಿಗೆ ತಕ್ಕಂತೆ ಉಳಿದ ಅವಧಿಯ ತೆರಿಗೆಯನ್ನು ಚಿಕ್ಕೋಡಿಯಲ್ಲಿ ಕಟ್ಟಿ, ಹೊಸ ನಂಬರಿನ ಕಾಗದ ಹಿಡಿದು ಕೊಲ್ಹಾಪುರದಲ್ಲಿ ಹಳೆಯ ತೆರಿಗೆಯ ಉಳಿದ ಪಾಲಿಗೆ ಅರ್ಜಿ ಹಾಕಬೇಕು. ಕಟ್ಟುವುದು ಮೊದಲು, ವಾಪಸು ಬರುವುದು ಆಮೇಲೆ. ಹಾಗಾಗಿ ಮೊದಲ ಪಾಸಿಂಗ್ ವೇಳೆ ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಪಾವತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ; ಆ ಅರ್ಜಿಗೆ ಮೊದಲು ಕೇಳುವುದು ಅದನ್ನೇ.